ಮೌಲಾಲಿಯಿಂದ ಮಲಕಪೇಟೆಗೆ: ಹೈದರಾಬಾದಿನ ಕುದುರೆ ಪಂದ್ಯಗಳು

ದಖನ್ನಿನ ರಾಜಕೀಯದಲ್ಲಿ ಕುದುರೆಗಿದ್ದ ಸ್ಥಾನವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಕೊಟ್ಟ ಹಣದೊಡನೆ ಸೀದಿ ಮರ್ಕಾರನೆಂಬವನು ಆದಿಲಶಾಹನ ಆಶ್ರಯಕ್ಕೆ ಓಡಿಹೋದುದೇ 1520ರ ರಾಯಚೂರು ಯುದ್ಧಕ್ಕೆ ನೆವವಾಯಿತೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಆದರೆ ಯುದ್ಧದ ಕುದುರೆ ಪಂದ್ಯದ ಕುದುರೆಯಾಗಿ, ಪಂದ್ಯದ ಕುದುರೆ ಪಣದ ಕುದುರೆಯಾಗಿ ಮಾರ್ಪಟ್ಟ ಬಗೆಯೂ ವಿಚಾರಾರ್ಹವಾದುದೇ. ಅದಕ್ಕೆ ಹೈದರಾಬಾದು ಒಳ್ಳೆಯ ನಿದರ್ಶನ. ಕುದುರೆಯ ಒಡೆಯರು ಬದಲಾದಂತೆಲ್ಲ ಅಲ್ಲಿ ಓಟದ ಬಯಲೂ ಸ್ಥಳವನ್ನು ಬದಲಿಸಿದೆ.

ಹೈದರಾಬಾದಿನ ಪಂದ್ಯಗಳು 1868ರಲ್ಲಿ ಮೌಲಾಲಿಯಲ್ಲಿ ಆರಂಭವಾದುವೆಂದೂ ಆರಂಭಿಸಿದವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರೆಂದೂ ವಾಡಿಕೆಯ ಮಾತು. ಇದರ ಉತ್ತರಾರ್ಧವನ್ನು ಒಪ್ಪುವುದು ಕಷ್ಟ. ಅವರು ಹುಟ್ಟಿದ್ದು 1866ರಲ್ಲಿ. 1868ರಲ್ಲಿ ಗದ್ದುಗೆಯ ಮೇಲಿದ್ದವರು ಅವರ ತಂದೆ ಅಫ್ಜಲ್-ಉದ್-ದೌಲಾ. ಎರಡು ವರ್ಷದ ಕೂಸಿಗೆ ಮರದ ಕುದುರೆಯೇ ಸಾಕು! ಮೌಲಾಲಿಯ ಗುಡ್ಡವಿರುವುದು ಸಿಕಂದರಾಬಾದಿನ ಮಗ್ಗುಲಲ್ಲಿ. ಸಿಕಂದರಾಬಾದು 1806ರಿಂದ ಆ ಹೆಸರಿನಿಂದ ಬೆಳೆದ ಬ್ರಿಟಿಷ್ ದಂಡುಪ್ರದೇಶ. ಇಂಗ್ಲಿಷ್ ದಂಡು ಇಳಿದೆಡೆಯಲ್ಲೆಲ್ಲ ಕುದುರೆ ಪಂದ್ಯಗಳು ತಲೆಯೆತ್ತಿದುದನ್ನು ಬೆಂಗಳೂರು, ಪುಣೆ, ಮದರಾಸುಗಳಲ್ಲಿಯೂ ಕಾಣಬಹುದು. ಮೌಲಾಲಿಯ ಓಟವನ್ನೂ ದಂಡಿನ ಲೆಕ್ಕಕ್ಕೆ ಸೇರಿಸುವುದೇ ಯುಕ್ತವೆಂದು ತೋರುತ್ತದೆ.

ಆ ಕಾಲದಲ್ಲಿ ಕುದುರೆಯ ವೇಗವು ಕೇವಲ ವಿನೋದದ ವಸ್ತುವಾಗಿರಲಿಲ್ಲ. ಹೈದರಾಬಾದ್ ಕಾಂಟಿಂಜೆಂಟಿನ ರಾವುತರು ಸಿಲ್ಲೇದಾರಿ ಪದ್ಧತಿಯವರು. ಕುದುರೆ ಸವಾರನ ಸ್ವಂತದ್ದು, ಸರ್ಕಾರ ಕೊಡುತ್ತಿದ್ದುದು ಸಂಬಳ ಮಾತ್ರ. ಸವಾರನ ಬಂಡವಾಳವೆಲ್ಲ ಅವನ ತೊಡೆಯ ಕೆಳಗೇ ಇತ್ತೆನ್ನಬಹುದು. ಕುದುರೆ ಸತ್ತರೆ ಮನೆತನದ ಆಸ್ತಿಯೇ ಮುಳುಗಿದಂತೆ.

ಮಹಬೂಬ್ ಅಲಿ ಖಾನರಿಗೆ ಪೂರ್ಣಾಧಿಕಾರ ಬಂದುದು 1884ರಲ್ಲಿ. ಎರಡೇ ವರ್ಷಗಳಲ್ಲಿ, 1886ರಲ್ಲಿ, ಪಂದ್ಯಗಳು ಮೂಸಿ ನದಿಯ ದಕ್ಷಿಣಕ್ಕೆ, ಅರಮನೆ ಮಹಬೂಬ್ ಮ್ಯಾನ್ಷನ್ನಿನ ನೆರೆಯ ಮಲಕಪೇಟೆಗೆ ಬಂದುವು. ದಂಡಿನವರ ಆಟವನ್ನು ಅರಸನು ತನ್ನ ಅಂಗಳಕ್ಕೆ ಕರೆಸಿಕೊಂಡನೆಂದೇ ಇದರ ಅರ್ಥ. ಅವರ ಸೇನಾಧಿಪತಿ ಅಫ್ಸರ್-ಉಲ್-ಮುಲ್ಕರು ಕಟ್ಟಿದ ಗೋಲ್ಕೊಂಡ ಪೋಲೋ ತಂಡ ಪ್ರಸಿದ್ಧವಾದುದೂ ಇದೇ ಆಳ್ವಿಕೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಹಿಂದೂಸ್ಥಾನದ ಪಂದ್ಯಗಳಲ್ಲಿ ಮೆರೆದವು ಮುಂಬಯಿ ಬಂದರಿನಲ್ಲಿ ಇಳಿಯುತ್ತಿದ್ದ ಅರಬ್ಬೀ ಕುದುರೆಗಳು. ಆಸ್ಟ್ರೇಲಿಯದ ವೇಲರ್‌ಗಳೂ ಇಂಗ್ಲಿಷ್ ಥರೋಬ್ರೆಡ್‌ಗಳೂ ಅವನ್ನು ಹಿಂದೆ ಹಾಕಿದ್ದು ಆಮೇಲೆ.

1911ರಲ್ಲಿ ನಿಜಾಮರು ತೀರಿಕೊಂಡ ಮೇಲೆ ಓಟವು ಮತ್ತೆ ಸಿಕಂದರಾಬಾದಿನ ದಾರಿ ಹಿಡಿದು ಅಲ್ಲಿನ ಪೆರೇಡ್ ಮೈದಾನವನ್ನು ಸೇರಿತು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1949ರ ಆಗಸ್ಟ್‌ನಲ್ಲಿ ಜಾಗೀರದಾರಿ ರದ್ದಾಯಿತು. ಲಾಯಗಳನ್ನು ಸಾಕುತ್ತಿದ್ದ ವರ್ಗದ ಆದಾಯವೇ ಬತ್ತಿತು. 1956ರಲ್ಲಿ ಬೀದರ, ಕಲಬುರಗಿ, ರಾಯಚೂರುಗಳು ಕನ್ನಡ ನಾಡನ್ನು ಸೇರಿದುವು. ಹೈದರಾಬಾದ್ ರೇಸ್ ಕ್ಲಬ್ಬು ರೂಪುಗೊಂಡದ್ದು 1961ರಲ್ಲಿ. 1968ರಲ್ಲಿ ಅದು ಹಳೆಯ ಮಲಕಪೇಟೆಗೇ ಮರಳಿತು. ಈ ಸಲ ಓಟವನ್ನು ಕರೆತಂದವನು ಅರಸನಲ್ಲ, ಚೀಟಿ ಕೊಳ್ಳುವ ಜನ.

ಇಲ್ಲಿಂದ ಮುಂದಿನ ಇತಿಹಾಸವು ನ್ಯಾಯಾಲಯಕ್ಕೂ ಖಜಾನೆಗೂ ಸೇರಿದ್ದು. ಟೋಟಲೈಸೇಟರಿನಲ್ಲಿ ಪಣಗಳೆಲ್ಲ ಒಂದೇ ಹುಂಡಿಗೆ ಬೀಳುತ್ತವೆ. ಕ್ಲಬ್ಬಿನ ಪಾಲು, ಸರ್ಕಾರದ ತೆರಿಗೆ ಕಳೆದು ಉಳಿದುದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಬುಕ್‌ಮೇಕರನಾದರೋ ಸ್ವಂತ ಹೊಣೆಯ ಮೇಲೆ ದರ ಕಟ್ಟುವವನು. ಇದು ಜೂಜೇ, ಜಾಣ್ಮೆಯೇ? ಈ ಪ್ರಶ್ನೆಗೆ ಹೈದರಾಬಾದಿನ ಕೊಡುಗೆ ಕುದುರೆಯಿಂದಲ್ಲ, ಇಸ್ಪೀಟಿನಿಂದ ಬಂದಿತೆಂಬುದು ಸ್ವಾರಸ್ಯ. ನಿಜಾಮರ ಕಾಲದ, ಫಸಲಿ 1305ರ ಜೂಜು ಕಾಯಿದೆಯು ಕೇವಲ ಕೌಶಲದ ಆಟಗಳನ್ನು ಹೊರಗಿಟ್ಟಿತ್ತು. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, 1967ರಲ್ಲಿ, ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮದರಾಸಿನ ರೇಸ್ ಕ್ಲಬ್ಬಿನ ವಿವಾದದಲ್ಲಿ, 1996ರಲ್ಲಿ, ಅದೇ ತರ್ಕ ಕುದುರೆಗೂ ಅನ್ವಯವಾಯಿತು: ಕುದುರೆಯ ವಂಶ, ಮೈಕಟ್ಟು, ಸವಾರನ ನೈಪುಣ್ಯ ಇವನ್ನು ಅಳೆದು ಕಟ್ಟುವ ಪಣ ಜೂಜಲ್ಲ. ತೆರಿಗೆಯವರು ಈ ವಿವೇಚನೆಗೆ ಹೋದಂತಿಲ್ಲ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡಾ 28, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ರ ಸರಕು ಮತ್ತು ಸೇವಾ ತೆರಿಗೆ ಬಂದಿತು. ಕ್ಯಾಸಿನೋಗೂ ಅದೇ ದರ.

ಮಲಕಪೇಟೆಯ ದೊಡ್ಡ ಪಂದ್ಯಗಳ ಹೆಸರುಗಳೇ ಒಂದು ಮಿಶ್ರಭಾಷೆ: ಗೋಲ್ಕೊಂಡ ಡರ್ಬಿ, ಗೋಲ್ಕೊಂಡ ಓಕ್ಸ್, ಗೋಲ್ಕೊಂಡ ಸೇಂಟ್ ಲೆಜರ್. ಕುತುಬಶಾಹಿ ಕೋಟೆಗೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಹಣೆಪಟ್ಟಿ. ಮಳೆಗಾಲದ ಋತುವಿನಲ್ಲಿ ಬರುವುದು ದಖನ್ ಡರ್ಬಿ. ಆದರೆ ಅದರಲ್ಲಿ ದಖನ್ನಿನ ಕುದುರೆಗೆ ಪ್ರವೇಶವಿಲ್ಲ. ವಂಶಾವಳಿಯ ಪುಸ್ತಕದಲ್ಲಿ ದಾಖಲಾದ ಥರೋಬ್ರೆಡ್ಡೇ ಆಗಬೇಕು. ಭೀಮಾ ತೀರದ ಭೀಮಥಡಿ, ಒಂದು ಕಾಲಕ್ಕೆ ಮರಾಠಾ ದಂಡುಗಳನ್ನು ಹೊತ್ತು ದಖನ್ನನ್ನೆಲ್ಲ ತುಳಿದ ಗಿಡ್ಡ ತಳಿ, ಪ್ರತ್ಯೇಕ ತಳಿಯೆಂಬ ಸರ್ಕಾರಿ ಮನ್ನಣೆ ಪಡೆದುದು ತೀರ ಈಚೆಗೆ. ಇಂದು ಅದು ಕಾಣಸಿಗುವುದು ಧನಗರ ಕುರಿಗಾಹಿಗಳ ಹಿಂಡಿನ ಜತೆ, ಅವರ ಪಾತ್ರೆ, ಕಂಬಳಿ, ಎಳೆಗುರಿಗಳನ್ನು ಬೆನ್ನ ಮೇಲೆ ಹೊತ್ತು, ನಿಧಾನವಾಗಿ ನಡೆಯುತ್ತ.