50 ಹರ್ಟ್ಸ್ ಟಿವಿಯಲ್ಲಿ ಜಪಾನಿನ ಆಟ

ಸೂಪರ್ ಫ್ಯಾಮಿಕಾಮ್ ಎಂಬ ವಿಡಿಯೋ ಆಟದ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1990ರ ನವೆಂಬರ್‌ನಲ್ಲಿ. ಬ್ರಿಟನ್ನಿನ ಅಂಗಡಿಗಳಿಗೆ ಅದು ತಲುಪುವಾಗ 1992. ಅಲ್ಲಿಯವರೆಗೆ ಕಾಯಲಾರದವರು ಜಪಾನಿನಿಂದಲೇ ತರಿಸಿಕೊಂಡರು. ಆದರೆ ಮನೆಯ ಟಿವಿ ಒಪ್ಪಬೇಕಲ್ಲ! ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆಗಳು, ಪರದೆ ಸೆಕೆಂಡಿಗೆ ಸುಮಾರು 60 ಬಾರಿ, ಅಂದರೆ 60 ಹರ್ಟ್ಸ್‌ನಲ್ಲಿ, ಹೊಸದಾಗುತ್ತಿತ್ತು. ಬ್ರಿಟನ್ನಿನ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, 50 ಬಾರಿ. ಬಣ್ಣ ಕಳಿಸುವ ಕ್ರಮವೂ ಬೇರೆ. ಹಾಗಾಗಿ ಎಷ್ಟೋ ಸೆಟ್‌ಗಳಲ್ಲಿ ಚಿತ್ರ ನಿಲ್ಲದೆ ಉರುಳುತ್ತಿತ್ತು, ನಿಂತರೂ ಕಪ್ಪು-ಬಿಳುಪು.

ಇದಕ್ಕೆ ದಾರಿ ತೋರಿದ್ದು ಸ್ಕಾರ್ಟ್ ಎಂಬ ಅಗಲವಾದ, 21 ಸಂಪರ್ಕಗಳ ಪ್ಲಗ್ಗು. ಕೆಂಪು, ಹಸಿರು, ನೀಲಿ ಒಂದೊಂದೂ ತನ್ನದೇ ತಂತಿಯಲ್ಲಿ ಬರುವುದರಿಂದ ಬಣ್ಣದ ತಕರಾರೇ ಇಲ್ಲ. ಟಿವಿ 60 ಹರ್ಟ್ಸ್ ತಾಳಿಕೊಂಡರೆ ಸಾಕು.

ಯುರೋಪಿಗೆಂದೇ ಬಂದ ಆಟಗಳ ಪಾಡೂ ಅಷ್ಟೇನೂ ಚೆನ್ನಾಗಿರಲಿಲ್ಲ. 60 ಹರ್ಟ್ಸ್‌ಗೆ ಹೊಂದಿಸಿದ್ದನ್ನು 50ರಲ್ಲಿ ಓಡಿಸಿದ್ದರಿಂದ 1991ರ ಸಾನಿಕ್ ದ ಹೆಡ್ಜ್‌ಹಾಗ್ ಅಲ್ಲಿ ಸುಮಾರು ಶೇ. 17ರಷ್ಟು ನಿಧಾನವಾಗಿ ಓಡಿತು, ಸಂಗೀತವೂ ಎಳೆದಂತಾಯಿತು. ಪರದೆಯ ಮೇಲೆ-ಕೆಳಗೆ ಕಪ್ಪು ಪಟ್ಟಿ ಬೇರೆ. ವೇಗವೇ ಜೀವಾಳವಾದ ಆಟಕ್ಕೆ ಇದು ದೊಡ್ಡ ಅನ್ಯಾಯ.

ಕೊನೆಗೆ, 1999ರಲ್ಲಿ ಯುರೋಪಿಗೆ ಬಂದ ಸೆಗಾ ಡ್ರೀಮ್‌ಕಾಸ್ಟ್ ಯಂತ್ರದ ಹಲವು ಆಟಗಳಲ್ಲಿ 50 ಅಥವಾ 60 ಹರ್ಟ್ಸ್ ಎಂಬ ಆಯ್ಕೆ ಆಟಗಾರರ ಕೈಗೇ ಸಿಕ್ಕಿತು.