ಡಾಕ್ಟರ್‌ಗಳು ಬಾಗಿಲು ಹಾಕಿದ 23 ದಿನ

1/8
ಒಂದು ಇಡೀ ರಾಜ್ಯದಲ್ಲಿ ಒಂದೇ ದಿನ ಹೆಚ್ಚುಕಮ್ಮಿ ಎಲ್ಲಾ ಡಾಕ್ಟರ್‌ಗಳೂ ಕ್ಲಿನಿಕ್ ಮುಚ್ಚಿದ್ರೆ ಹೇಗಿರುತ್ತೆ, ಯೋಚನೆ ಮಾಡಿ. 1962ರ ಜುಲೈ 1ರಂದು ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಇದು ನಿಜವಾಗ್ಲೂ ಆಯ್ತು. ಅವರು ಫೀಸು ಜಾಸ್ತಿ ಕೇಳ್ತಿರಲಿಲ್ಲ. "ಇನ್ಮೇಲೆ ಪ್ರತಿಯೊಬ್ಬರ ಡಾಕ್ಟರ್ ಬಿಲ್ಲನ್ನೂ ಸರ್ಕಾರವೇ ಕಟ್ಟುತ್ತೆ" ಅನ್ನೋ ಕಾನೂನು ಬೇಡ ಅಂತ ಮುಷ್ಕರ ಹೂಡಿದ್ರು.

ಬಿಕಾಂ ಓದೋಳಿಗೆ ಕೆನಡಾ ಕಥೆ ಯಾಕೆ ಅಂತ ಕೇಳಬಹುದು. ಹೋದ ವರ್ಷ ಒಂದು ರಾತ್ರಿ ಅಜ್ಜಿಗೆ ಎದೆನೋವು ಬಂತು. ಆಟೋದಲ್ಲಿ ಕೂರಿಸ್ಕೊಂಡು ಹೋದ್ವಿ. ಕೌಂಟರ್‌ನಲ್ಲಿ ಮೊದಲು ಕೇಳಿದ ಪ್ರಶ್ನೆ, "ಅಡ್ವಾನ್ಸ್ ಎಷ್ಟು ಕಟ್ತೀರಾ?" ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡಿ ಸಾಲ ಕೇಳ್ತಿದ್ದ ದನಿ ನನಗೆ ಇನ್ನೂ ಮರೆತಿಲ್ಲ. ಆ ಪ್ರಶ್ನೆಯನ್ನ ಯಾರಾದ್ರೂ, ಎಲ್ಲಾದ್ರೂ ತೆಗೆದುಹಾಕಿದ್ದಾರಾ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಕಥೆ. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

2/8
ಸಸ್ಕಾಚೆವನ್ ಅಂದ್ರೆ ಗೋಧಿ ಹೊಲ. ಕಣ್ಣು ಹಾಯಿಸಿದಷ್ಟು ದೂರ ಬಯಲು, ಚಳಿಗಾಲದಲ್ಲಿ ಹಿಮ, ಒಂದೂರಿಂದ ಇನ್ನೊಂದೂರಿಗೆ ಮೈಲಿಗಟ್ಟಲೆ ದಾರಿ. ಇಂಥಾ ಕಡೆ ಡಾಕ್ಟರ್ ಬಂದು ನೆಲೆ ನಿಲ್ಲೋದೇ ಕಷ್ಟ. ಬಂದ್ರೂ ಬೆಳೆ ಕೈಕೊಟ್ಟ ವರ್ಷ ಫೀಸು ಕೊಡೋಕೆ ರೈತರ ಹತ್ರ ದುಡ್ಡಿರ್ತಿರಲಿಲ್ಲ.

ಅದಕ್ಕೆ ಊರಿನವರೇ ಒಂದು ದಾರಿ ಹುಡುಕಿದ್ರು. ಸ್ಥಳೀಯ ಸಂಸ್ಥೆ, ಅಂದ್ರೆ ನಮ್ಮ ಪಂಚಾಯ್ತಿ ಥರದ್ದು, ತೆರಿಗೆ ಹಣದಿಂದ ಡಾಕ್ಟರ್‌ಗೆ ಸಂಬಳ ಕೊಡೋದು. ಮೊದಲ ಮಹಾಯುದ್ಧದ ಕಾಲಕ್ಕೇ ಸಾರ್ನಿಯಾ ಅನ್ನೋ ಗ್ರಾಮೀಣ ಪ್ರದೇಶದಲ್ಲಿ ಇದು ಶುರುವಾಗಿ, ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. 1930ರ ದಶಕದಲ್ಲಿ ಬರ ಮತ್ತು ಮಹಾ ಆರ್ಥಿಕ ಕುಸಿತ ಒಟ್ಟಿಗೇ ಬಂದು ಬಡಿದಾಗ, ಕಾಯಿಲೆ ಒಬ್ಬರ ಮನೆಗೆ ಬಂದ್ರೂ ಖರ್ಚನ್ನ ಎಲ್ಲರೂ ಹಂಚ್ಕೋಬೇಕು ಅನ್ನೋದು ಅಲ್ಲಿನ ಜನಕ್ಕೆ ಅನುಭವದಿಂದಲೇ ಅರ್ಥ ಆಗಿತ್ತು.

3/8
ಈಗ ಒಬ್ಬ ಹುಡುಗನ ಕಾಲಿನ ಕಥೆ. ಟಾಮಿ ಡಗ್ಲಸ್, ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ. ಕುಟುಂಬ ಕೆನಡಾದ ವಿನಿಪೆಗ್‌ಗೆ ವಲಸೆ ಬಂತು. ಚಿಕ್ಕವನಿದ್ದಾಗ ಮೊಣಕಾಲಿನ ಮೂಳೆಗೆ ಸೋಂಕು ತಗುಲಿ, ಕಾಲು ಕತ್ತರಿಸೋದೊಂದೇ ದಾರಿ ಅಂತ ಆಸ್ಪತ್ರೆಯಲ್ಲಿ ಹೇಳಿಬಿಟ್ರು. ಒಬ್ಬ ಹೆಸರಾಂತ ಶಸ್ತ್ರವೈದ್ಯರು, ತಮ್ಮ ವಿದ್ಯಾರ್ಥಿಗಳಿಗೆ ಆಪರೇಷನ್ ತೋರಿಸಬಹುದು ಅಂತ, ಬಿಟ್ಟಿಯಾಗಿ ಚಿಕಿತ್ಸೆ ಮಾಡಿದ್ರು. ಕಾಲು ಉಳೀತು.

ಮುಂದೆ ಡಗ್ಲಸ್ ಇದನ್ನ ಮತ್ತೆ ಮತ್ತೆ ಹೇಳ್ತಿದ್ರು. ಅವರ ಮಾತಿನ ಸಾರ ಇಷ್ಟು: ನನ್ನ ಕಾಲು ಉಳಿದಿದ್ದು ಅದೃಷ್ಟದಿಂದ, ಮಕ್ಕಳ ಕಾಲು ಅಪ್ಪನ ಜೇಬಿನ ಮೇಲೆ ನಿಂತಿರಬಾರದು.

ಪಾದ್ರಿಯಾಗಿದ್ದವರು ರಾಜಕೀಯಕ್ಕೆ ಬಂದು, 1944ರಲ್ಲಿ ಸಿಸಿಎಫ್ ಪಕ್ಷದಿಂದ ಪ್ರಾಂತ್ಯದ ಪ್ರೀಮಿಯರ್ ಆದ್ರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. 1947ರ ಜನವರಿ 1ರಿಂದ ಎಲ್ಲರಿಗೂ ಆಸ್ಪತ್ರೆ ವಿಮೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್, ಮನೆ ಎಷ್ಟೇ ದೊಡ್ಡದಿದ್ರೂ 30 ಡಾಲರ್‌ಗಿಂತ ಹೆಚ್ಚಿಲ್ಲ. ಗಮನಿಸಿ, ಇದು ಆಸ್ಪತ್ರೆ ಖರ್ಚಿಗೆ ಮಾತ್ರ. ಡಾಕ್ಟರ್ ಫೀಸು ಆಗ ಇದರಲ್ಲಿ ಸೇರಿರಲಿಲ್ಲ.

4/8
ಕಾಮರ್ಸ್‌ನವರಿಗೆ ಇಷ್ಟ ಆಗೋ ಭಾಗ ಇದು 😄
ಡಗ್ಲಸ್ ಅಧಿಕಾರಕ್ಕೆ ಬಂದಾಗ ಪ್ರಾಂತ್ಯದ ತಲೆ ಮೇಲೆ ಸಾಲದ ಹೊರೆ ಇತ್ತು. ಹಾಗಿದ್ರೆ ಮೊದಲ ದಿನವೇ ಎಲ್ಲಾ ಉಚಿತ ಅಂತ ಘೋಷಣೆ ಮಾಡಿದ್ರಾ? ಇಲ್ಲ. ವರ್ಷದಿಂದ ವರ್ಷಕ್ಕೆ ಉಳಿತಾಯದ ಬಜೆಟ್ ಮಂಡಿಸಿ, ಸಾಲ ಇಳಿಸ್ತಾ ಬಂದ್ರು.

1957ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಕಾನೂನು ತಂತು. ಪ್ರಾಂತ್ಯಗಳ ಆಸ್ಪತ್ರೆ ವಿಮೆಯ ಖರ್ಚಿನಲ್ಲಿ ಸುಮಾರು ಅರ್ಧ ಕೇಂದ್ರವೇ ಕೊಡುತ್ತೆ ಅಂತ. ಇಷ್ಟು ದಿನ ಪೂರ್ತಿ ಖರ್ಚು ಒಬ್ಬರೇ ಹೊರುತ್ತಿದ್ದ ಸಸ್ಕಾಚೆವನ್ ಕೈಯಲ್ಲಿ ಈಗ ಹಣ ಉಳೀತು. ಆ ಧೈರ್ಯದ ಮೇಲೆ 1959ರ ಕೊನೆಯಲ್ಲಿ ಡಗ್ಲಸ್ ಮುಂದಿನ ಹೆಜ್ಜೆ ಹೇಳಿದ್ರು: ಡಾಕ್ಟರ್ ಫೀಸಿಗೂ ವಿಮೆ, ಪ್ರಾಂತ್ಯದ ಎಲ್ಲರಿಗೂ. ಜನ ಒಂದಿಷ್ಟು ಪ್ರೀಮಿಯಂ ಕಟ್ಟೋದು, ಉಳಿದದ್ದು ತೆರಿಗೆಯಿಂದ. "ಫ್ರೀ" ಅನ್ನೋ ಪದ ಹಾಗಾಗಿ ಸರಿಯಲ್ಲ. ದುಡ್ಡು ಎಲ್ಲರೂ ಕೊಟ್ಟಿದ್ದೇ. ಆರೋಗ್ಯವಾಗಿದ್ದಾಗ ಕೊಟ್ಟಿರ್ತಾರೆ, ಕಾಯಿಲೆ ಬಂದಾಗ ಕೌಂಟರ್ ಮುಂದೆ ಕೈಚಾಚೋ ಹಾಗಿಲ್ಲ, ಅಷ್ಟೇ.

5/8
ಡಾಕ್ಟರ್‌ಗಳನ್ನ ಸಿನಿಮಾ ವಿಲನ್ ಥರ ನೋಡಬೇಡಿ. ಅವರ ವಾದದಲ್ಲೂ ತೂಕ ಇತ್ತು.
👉 ದುಡ್ಡು ಕೊಡೋರು ಸರ್ಕಾರ ಒಂದೇ ಆದ್ರೆ ನಾಳೆ ಅದು ಹೇಳಿದ್ದೇ ರೇಟು. ಒಬ್ಬನೇ ಗಿರಾಕಿ ಇರೋ ಸಂತೆಯಲ್ಲಿ ಮಾರೋನ ಗತಿ ಏನು?
👉 ಯಾವ ಔಷಧಿ, ಯಾವ ಚಿಕಿತ್ಸೆ ಅನ್ನೋದನ್ನ ಮುಂದೆ ಅಧಿಕಾರಿಗಳು ತೀರ್ಮಾನ ಮಾಡ್ತಾರೆ.
👉 ಡಾಕ್ಟರ್‌ಗಳೇ ನಡೆಸೋ ವಿಮಾ ಯೋಜನೆಗಳು ಆಗಲೇ ಇವೆ. ಬಡವರ ಪಾಲಿನ ಕಂತನ್ನ ಸರ್ಕಾರ ಕಟ್ಟಿದ್ರೆ ಸಾಕಲ್ವಾ?

ಅವರಲ್ಲಿ ಎಷ್ಟೋ ಜನ ಬ್ರಿಟನ್‌ನಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದ ಮೇಲೆ, ಅದು ಹಿಡಿಸದೆ ಬಂದವರು.

ಸರ್ಕಾರದ ಉತ್ತರ: ಕಾಯಿಲೆ ಇರೋರನ್ನ, ವಯಸ್ಸಾದವರನ್ನ ಖಾಸಗಿ ವಿಮೆ ಹೊರಗೇ ಇಡುತ್ತೆ. ಬಡವರಿಗೆ ಮಾತ್ರ ಅಂದ್ರೆ "ನಾನು ಬಡವ" ಅಂತ ಸಾಬೀತು ಮಾಡೋಕೆ ಕಚೇರಿ ಅಲೀಬೇಕು. ಎಲ್ಲರೂ ಒಳಗಿದ್ರೇನೇ ಲೆಕ್ಕ ಕೂಡುತ್ತೆ. 1960ರ ಚುನಾವಣೆ ಇದೇ ವಿಷಯದ ಮೇಲೆ ನಡೀತು. ವೈದ್ಯರ ಸಂಸ್ಥೆ ಹಣ ಸುರಿದು ವಿರುದ್ಧ ಪ್ರಚಾರ ಮಾಡಿತು. ಆದ್ರೂ ಸಿಸಿಎಫ್ ಗೆದ್ದಿತು.

6/8
1961ರ ನವೆಂಬರ್‌ನಲ್ಲಿ ಕಾನೂನು ಪಾಸಾಯ್ತು. ಡಗ್ಲಸ್ ರಾಷ್ಟ್ರ ರಾಜಕಾರಣಕ್ಕೆ ಹೋದ್ರು. ಅವರ ಜಾಗಕ್ಕೆ ಬಂದವರು ವುಡ್ರೋ ಲಾಯ್ಡ್, ಮೊದಲು ಮೇಷ್ಟ್ರಾಗಿದ್ದವರು. 1962ರ ಜೂನ್‌ನಲ್ಲಿ ಡಗ್ಲಸ್ ರೆಜೈನಾದಲ್ಲಿ ಲೋಕಸಭೆಗೆ ನಿಂತು ಸೋತ್ರು. ಜನರ ಸಿಟ್ಟು ಯಾವ ಮಟ್ಟಕ್ಕಿತ್ತು ನೋಡಿ.

ಜುಲೈ 1ಕ್ಕೆ ಕಾನೂನು ಜಾರಿ, ಅವತ್ತೇ ಕ್ಲಿನಿಕ್ ಬಂದ್. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ ಉಳೀತು. ಆ ಮೊದಲ ದಿನವೇ, ಒಂಬತ್ತು ತಿಂಗಳ ಮಗುವಿಗೆ ಮಿದುಳು ಜ್ವರ. ಅಪ್ಪ ಅಮ್ಮ ಕಾರಿನಲ್ಲಿ ಡಾಕ್ಟರ್‌ನ ಹುಡುಕ್ಕೊಂಡು ಹೊರಟ್ರು. ಮಗು ದಾರಿಯಲ್ಲೇ ಹೋಯ್ತು. ಈ ಸಾಲು ಬರೆಯೋವಾಗ ನನಗೆ ಆಟೋದಲ್ಲಿ ಕೂತಿದ್ದ ಅಜ್ಜಿ ನೆನಪಾದ್ರು.

"ನಮ್ಮ ಡಾಕ್ಟರ್‌ಗಳನ್ನ ಉಳಿಸಿ" ಅನ್ನೋ ಸಮಿತಿಗಳು ಊರೂರಲ್ಲಿ ಹುಟ್ಕೊಂಡವು. ಭಯ ನಿಜವಾದದ್ದೇ. ತಾಯಂದಿರು ಕೂಡ ಬೀದಿಗಿಳಿದ್ರು. ಜುಲೈ 11ಕ್ಕೆ ರೆಜೈನಾ ವಿಧಾನಸಭೆ ಮುಂದೆ ಹತ್ತಾರು ಸಾವಿರ ಜನ ಸೇರ್ತಾರೆ ಅಂದ್ಕೊಂಡಿದ್ರು. ಬಂದಿದ್ದು ನಾಲ್ಕೈದು ಸಾವಿರ. ಇತ್ತ ಸರ್ಕಾರ ಬ್ರಿಟನ್‌ನಿಂದ ಡಾಕ್ಟರ್‌ಗಳನ್ನ ಕರೆಸ್ತು. ಕೆಲವು ಊರಲ್ಲಿ ಜನರೇ ಸಹಕಾರಿ ಕ್ಲಿನಿಕ್ ತೆರೆದ್ರು.

7/8
ಕೊನೆಗೆ ಸಂಧಾನಕ್ಕೆ ಬಂದವರು ಬ್ರಿಟನ್‌ನ ಲಾರ್ಡ್ ಟೇಲರ್, ಸ್ವತಃ ವೈದ್ಯರು. ಜುಲೈ 23ಕ್ಕೆ ಸಸ್ಕಾಟೂನ್ ಒಪ್ಪಂದ ಆಯ್ತು. ವಿಮೆ ಎಲ್ಲರಿಗೂ ಉಳೀತು, ಅದು ಸರ್ಕಾರದ ಗೆಲುವು. ಡಾಕ್ಟರ್‌ಗಳು ಸರ್ಕಾರಿ ನೌಕರರಾಗಲಿಲ್ಲ, ತಮ್ಮ ಕ್ಲಿನಿಕ್ ಇಟ್ಕೊಂಡು ನೋಡಿದ ರೋಗಿಗೆ ತಕ್ಕ ಫೀಸು ಪಡೆಯೋದು ಮುಂದುವರೀತು, ಅದು ಅವರ ಗೆಲುವು.

1964ರ ಚುನಾವಣೆಯಲ್ಲಿ ಲಾಯ್ಡ್ ಸರ್ಕಾರ ಸೋತಿತು. ಆದ್ರೆ ಗೆದ್ದ ಲಿಬರಲ್ ಪಕ್ಷ ಯೋಜನೆಯನ್ನ ತೆಗೆದುಹಾಕಲಿಲ್ಲ. ಅಷ್ಟೊತ್ತಿಗೆ ಜನಕ್ಕೆ ಅದರ ರುಚಿ ಹತ್ತಿತ್ತು. ಅದೇ ವರ್ಷ ನ್ಯಾಯಮೂರ್ತಿ ಎಮೆಟ್ ಹಾಲ್ ಆಯೋಗ ಇಡೀ ದೇಶಕ್ಕೆ ಇದೇ ಮಾದರಿ ಬೇಕು ಅಂತ ವರದಿ ಕೊಡ್ತು. 1966ರಲ್ಲಿ ಕೇಂದ್ರದ ಕಾನೂನು ಬಂತು, 1972ರ ಹೊತ್ತಿಗೆ ಎಲ್ಲಾ ಪ್ರಾಂತ್ಯಗಳೂ ಸೇರಿದ್ವು. 2004ರಲ್ಲಿ ಟಿವಿ ವೀಕ್ಷಕರು ಟಾಮಿ ಡಗ್ಲಸ್‌ರನ್ನ ಅತ್ಯಂತ ಶ್ರೇಷ್ಠ ಕೆನಡಿಯನ್ ಅಂತ ಆರಿಸಿದ್ರು.

ಹಾಗಂತ ಅಲ್ಲೆಲ್ಲಾ ಸ್ವರ್ಗ ಅಲ್ಲ. ತಜ್ಞ ವೈದ್ಯರಿಗಾಗಿ ತಿಂಗಳುಗಟ್ಟಲೆ ಕಾಯಬೇಕು ಅನ್ನೋ ದೂರು ಇವತ್ತಿಗೂ ಇದೆ. ಅಂಗಡಿಯಲ್ಲಿ ಕೊಳ್ಳೋ ಔಷಧಿ, ಹಲ್ಲಿನ ಚಿಕಿತ್ಸೆ ಎಷ್ಟೋ ಕಾಲ ಈ ವಿಮೆಯ ಹೊರಗೇ ಇದ್ವು.

8/8
ನಮ್ಮಲ್ಲಿ? 1946ರಲ್ಲಿ, ಅಂದ್ರೆ ಸ್ವಾತಂತ್ರ್ಯಕ್ಕೂ ಮುಂಚೆ, ಭೋರ್ ಸಮಿತಿ ವರದಿ ಕೊಟ್ಟಿತ್ತು. ದುಡ್ಡಿಲ್ಲ ಅಂತ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಅದರಲ್ಲೇ ಬರೆದಿದೆ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ಆಗ ವರ್ಷಕ್ಕೆ 60 ರೂಪಾಯಿ ಕಟ್ಟಿದ್ರೆ ಆಪರೇಷನ್ ಖರ್ಚು ಯೋಜನೆಯದ್ದಾಗಿತ್ತು. ಸಸ್ಕಾಚೆವನ್ ರೈತರ ಯೋಚನೆಗೂ ನಮ್ಮ ರೈತರ ಯೋಚನೆಗೂ ಎಷ್ಟು ಹತ್ತಿರ ಅಲ್ವಾ? 2018ರಿಂದ ಆಯುಷ್ಮಾನ್ ಭಾರತ್ ಕಾರ್ಡ್ ಕೂಡ ಇದೆ.

ಅಜ್ಜಿ ಈಗ ಚೆನ್ನಾಗಿದ್ದಾರೆ. ಚಿಕ್ಕಪ್ಪನ ಸಾಲ ಇನ್ನೂ ಪೂರ್ತಿ ತೀರಿಲ್ಲ. ಅವತ್ತು ಮನೆಯಲ್ಲಿ ಯಾರ ಕಾರ್ಡೂ ಮಾಡಿಸಿರಲಿಲ್ಲ, ಅದು ನಮ್ಮದೇ ತಪ್ಪು. ಆದ್ರೆ ಕಾರ್ಡ್ ಇದೆಯೋ ಇಲ್ವೋ ಅನ್ನೋದನ್ನ ಎದೆನೋವು ಬಂದವರು ಯಾಕೆ ಯೋಚಿಸಬೇಕು ಅನ್ನೋದು ನನ್ನ ಪ್ರಶ್ನೆ. ಡಾಕ್ಟರ್‌ಗಳ ಪ್ರಶ್ನೆಗೂ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ: ಎಲ್ಲಾ ಬಿಲ್ ಸರ್ಕಾರ ಕಟ್ಟಿದ್ರೆ, ಸರ್ಕಾರ ಬಾಕಿ ಉಳಿಸ್ಕೊಂಡಾಗ ಏನ್ ಮಾಡೋದು?

ನೀವು ಯಾರ ಕಡೆ? ಲಾಯ್ಡ್ ಜಾಗದಲ್ಲಿ ನೀವಿದ್ದಿದ್ರೆ, ಮಗು ಸತ್ತ ಸುದ್ದಿ ಕೇಳಿದ ಮೇಲೂ ಕಾನೂನು ಹಿಂದಕ್ಕೆ ತಗೊಳ್ದೆ ಇರ್ತಿದ್ರಾ? ಕಮೆಂಟ್‌ನಲ್ಲಿ ಬರೀರಿ, ಮೆಡಿಕಲ್ ಓದ್ತಿರೋ ಫ್ರೆಂಡ್ಸ್‌ನ ಟ್ಯಾಗ್ ಮಾಡಿ, ಅವರ ಮಾತೂ ಕೇಳೋಣ. ಹಾಗೇ ಇವತ್ತು ಮನೆಗೆ ಹೋದ ಮೇಲೆ, ಅಜ್ಜ ಅಜ್ಜಿಯ ಕಾರ್ಡ್ ಆಗಿದೆಯಾ ಅಂತ ಒಂದ್ಸಲ ನೋಡಿ. 🙏

#ಇತಿಹಾಸ #ಆರೋಗ್ಯ #ಕನ್ನಡದಲ್ಲಿ_ಓದಿ #ಬಿಕಾಂ_ಹುಡುಗಿ