ಮುಂಬಯಿ ನೀರಿಗೆ ಬಂದ ಅಪವಾದ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರು ಮನೆಗೆ ಬರೆಯುತ್ತಿದ್ದ ಕಾಗದಗಳಲ್ಲಿ ಜಾಗದ ದೂರು ಇರುತ್ತಿತ್ತು, ಸೆಕೆಯ ದೂರು ಇರುತ್ತಿತ್ತು. ಅವೆರಡನ್ನೂ ಊರಿನವರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ "ಇಲ್ಲಿಯ ನೀರು ಒಗ್ಗಲಿಲ್ಲ, ತಲೆಕೂದಲೆಲ್ಲ ಉದುರುತ್ತಿದೆ" ಎಂಬ ಒಂದು ಸಾಲು ಹೋಯಿತೋ, ತಾಯಿಯ ಜೀವ ಹಾರಿಹೋಗುತ್ತಿತ್ತು. "ಆ ನೀರು ನಿನಗೆ ಆಗುವುದಿಲ್ಲ ಮಗಳೇ, ಸ್ವಲ್ಪ ದಿವಸ ಇಲ್ಲಿ ಬಂದು ಇರು" ಅಂತ ಮರುಟಪಾಲಿಗೆ ಉತ್ತರ. ಕೆಲವು ಸಂಸಾರಗಳಲ್ಲಿ ಆ "ಸ್ವಲ್ಪ ದಿವಸ" ವರ್ಷಗಟ್ಟಲೆ ಆದದ್ದೂ ಉಂಟು. ಗಂಡ ಮುಂಬಯಿಯ ಖೋಲಿಯಲ್ಲಿ, ಹೆಂಡತಿ ಊರಿನಲ್ಲಿ. ಕಾರಣ ಕೇಳಿದರೆ ನೀರು.

ಈ ಮಾತು ಮುಂಬಯಿಯದ್ದು ಮಾತ್ರ ಅಲ್ಲ ಬಿಡಿ. ಚೆನ್ನೈ ಸೇರಿದವರು ಉಪ್ಪು ನೀರು ಅಂತಾರೆ, ಹೈದರಾಬಾದಿನವರು ಬೋರ್ ನೀರು ಅಂತಾರೆ, ಪುಣೆಯ ಹಾಸ್ಟೆಲಿನ ಮಕ್ಕಳು ಟ್ಯಾಂಕರ್ ನೀರು ಅಂತಾರೆ. ಹೆಸರು ಬೇರೆ, ಆರೋಪ ಒಂದೇ. ಮುಂಬಯಿಯ ಮಾತು ತೆಗೆದುಕೊಂಡದ್ದು ಯಾಕೆಂದರೆ ಅಲ್ಲಿಯ ನೀರಿನ ಚರಿತ್ರೆ ನೋಡಿದರೆ ಈ ಆರೋಪ ನಿಲ್ಲುವುದೇ ಕಷ್ಟ.

ಮುಂಬಯಿಗೆ ಕೊಳವೆಯ ನೀರು ಬಂದದ್ದು 1860ರಲ್ಲಿ, ವಿಹಾರ ಸರೋವರದಿಂದ. ಅದಕ್ಕೂ ಮುಂಚೆ ಬಾವಿ ಮತ್ತು ಕೆರೆಗಳೇ ಗತಿ. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರುಗಳು ಈಗಲೂ ಇವೆ, ಕೆರೆಗಳಿಲ್ಲ. 1879ರಲ್ಲಿ ತುಲಸಿ, 1892ರಲ್ಲಿ ತಾನಸಾ, ಆಮೇಲೆ ವೈತರಣಾ, ಭಾತ್ಸಾ ಹೀಗೆ ಊರು ಬೆಳೆದಂತೆ ನೀರಿಗಾಗಿ ದೂರ ದೂರ ಹೋದರು. ಇವೆಲ್ಲ ಮಳೆನೀರಿನ ಜಲಾಶಯಗಳು. ದೊಡ್ಡ ಜಲಾಶಯಗಳಿಗೆ ನೀರು ಬರುವುದು ಸಹ್ಯಾದ್ರಿಯಿಂದ. ಅಂದರೆ ಉಡುಪಿ, ಕುಂದಾಪುರದವರು ತಲೆಗೆ ಹೊಯ್ದುಕೊಳ್ಳುವ ನೀರು ಯಾವ ಬೆಟ್ಟಸಾಲಿನ ಮಳೆಯದ್ದೋ, ಮುಂಬಯಿಯ ಮೋರಿಯ ನಲ್ಲಿಯಲ್ಲಿ ಬರುವುದೂ ಅದೇ ಬೆಟ್ಟಸಾಲಿನ ಮಳೆಯದ್ದು. ಪಾಲಿಕೆಯ ಈ ನೀರು ಮೆದು ನೀರು, ಸೋಪು ಚೆನ್ನಾಗಿ ನೊರೆ ಬರುತ್ತದೆ. ಟ್ಯಾಂಕರು, ಬೋರ್‌ವೆಲ್ಲುಗಳನ್ನು ನಂಬಿದ ಸೊಸೈಟಿಗಳ ಕಥೆ ಬೇರೆ. ಅಲ್ಲಿಯ ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸಿಕ್ಕು ಕಟ್ಟಿ ನಡುವೆ ತುಂಡಾಗಬಹುದು. ಆದರೆ ತುಂಡಾಗುವುದು ಬೇರೆ, ಬುಡದಲ್ಲಿ ಸಣ್ಣ ಬಿಳಿಯ ಗುಬುಟು ಸಮೇತ ಉದುರುವುದು ಬೇರೆ. ಕಾಗದ ಬರೆದ ಹೆಣ್ಣುಮಕ್ಕಳು ಬಾಚಣಿಗೆಯಿಂದ ತೆಗೆಯುತ್ತಿದ್ದದ್ದು ಎರಡನೆಯ ಜಾತಿಯ ಕೂದಲು.

ಹಾಗಾದರೆ ಅವರ ದೂರು ಸುಳ್ಳೇ? ಖಂಡಿತ ಅಲ್ಲ. ಕೂದಲು ಉದುರಿದ್ದು ನಿಜ, ಹಿಡಿ ಹಿಡಿಯಾಗಿ ಉದುರಿದ್ದೂ ನಿಜ. ತಪ್ಪಿದ್ದು ತಾರೀಖಿನ ಲೆಕ್ಕ. ಆ ಲೆಕ್ಕ ವೈದ್ಯರಿಗೂ ಸರಿಯಾಗಿ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲೇ.

1926ರಲ್ಲಿ ಎಫ್. ಡಬ್ಲ್ಯು. ಡ್ರೈ ಎಂಬ ಇಂಗ್ಲೆಂಡಿನ ವಿಜ್ಞಾನಿ ಇಲಿಯ ತುಪ್ಪಳವನ್ನು ಕೂತು ನೋಡಿದ. ರೋಮ ಒಂದೇ ಸಮನೆ ಬೆಳೆಯುವುದಿಲ್ಲ, ಬೆಳೆಯುತ್ತದೆ, ನಿಲ್ಲುತ್ತದೆ, ವಿಶ್ರಾಂತಿ ತೆಗೆದುಕೊಂಡು ಬಿದ್ದುಹೋಗುತ್ತದೆ ಎಂದು ಕಂಡು ಆ ಮೂರು ಹಂತಗಳಿಗೆ ಅನಾಜೆನ್, ಕ್ಯಾಟಾಜೆನ್, ಟೆಲೊಜೆನ್ ಎಂದು ಹೆಸರಿಟ್ಟ. (ಈತ ಮುಂದೆ ನ್ಯೂಜಿಲೆಂಡಿಗೆ ಹೋಗಿ ಕುರಿಗಳ ಉಣ್ಣೆಯನ್ನು ಹಿಡಿದುಕೊಂಡ. ಡ್ರೈಸ್‌ಡೇಲ್ ಎಂಬ ಕುರಿಯ ತಳಿಗೆ ಅವನದೇ ಹೆಸರು. ವಲಸೆ ಹೋದವರ ಹೆಸರು ಎಲ್ಲೆಲ್ಲಿ ಉಳಿಯುತ್ತದೆ ನೋಡಿ!) ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೇರಿನ ಕೆಲಸ ಮುಗಿಸುತ್ತದೆ, ಆಮೇಲೆ ಸುಮಾರು ನೂರು ದಿವಸ ಸುಮ್ಮನೆ ಕೂತಿರುತ್ತದೆ. ಯಾವ ಹೊತ್ತಿಗೂ ನೂರರಲ್ಲಿ ಹತ್ತು ಹದಿನೈದು ಕೂದಲು ಹೀಗೆ ಕೂತದ್ದೇ. ನಮ್ಮ ಕಿರಾಣಿ ಅಂಗಡಿಯ ಲೆಕ್ಕದಲ್ಲೇ ಹಾಕಿ: 10 ಸಾವಿರ ಕೂದಲು ನೂರು ದಿವಸದಲ್ಲಿ ಉದುರಬೇಕಾದರೆ ದಿನಕ್ಕೆ ನೂರು. ಆರೋಗ್ಯವಂತರ ತಲೆಯಿಂದಲೂ ದಿನಾ 50ರಿಂದ 100 ಕೂದಲು ಹೋಗುತ್ತದೆ ಎನ್ನುವುದು ಹೀಗೆ.

1961ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಇದರ ಮುಂದಿನ ಸಂಗತಿಯನ್ನು ಬರೆದ. ದೇಹಕ್ಕೆ ಜೋರಾದ ಪೆಟ್ಟು ಬಿದ್ದಾಗ, ಅಂದರೆ ದೊಡ್ಡ ಜ್ವರ, ಹೆರಿಗೆ, ಆಪರೇಷನ್, ಊಟವಿಲ್ಲದೆ ತೂಕ ಇಳಿಯುವುದು ಇಂಥವು ಆದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಇಳಿಯುತ್ತದೆ. ಅದಕ್ಕೆ ಅವನು ಕೊಟ್ಟ ಹೆಸರು ಟೆಲೊಜೆನ್ ಎಫ್ಲುವಿಯಮ್. ಹತ್ತು ಇದ್ದದ್ದು ಮೂವತ್ತಾದರೆ ದಿನಕ್ಕೆ ನೂರರ ಬದಲು ಮುನ್ನೂರು. ಆದರೆ ಆ ದಿವಸ ಏನೂ ಕಾಣುವುದಿಲ್ಲ! ವಿಶ್ರಾಂತಿಗೆ ಕೂತ ಕೂದಲು ಎರಡು ಮೂರು ತಿಂಗಳು ತಲೆಯಲ್ಲೇ ಇದ್ದು, ಕೆಳಗಿನಿಂದ ಹೊಸದು ಎದ್ದು ಬರುವ ಹೊತ್ತಿಗೆ ಜಾಗ ಬಿಡುತ್ತದೆ. ಜ್ವರ ಮರೆತೇ ಹೋಗಿರುತ್ತದೆ, ಆಗ ಉದುರಲು ಶುರು. ಕ್ಲಿಗ್ಮನ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಮೇಲೆ ಈತ ನಡೆಸಿದ ಪ್ರಯೋಗಗಳು ಹೇಸಿಗೆ ಹುಟ್ಟಿಸುವಂಥವು. ಅವನ ವಿಶ್ವವಿದ್ಯಾಲಯದ ವೈದ್ಯವಿಭಾಗ ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ.

ಕ್ಲಿಗ್ಮನ್ ಹೆಸರಿಡುವ ಮೊದಲೂ ಜನ ಇದನ್ನು ಕಂಡವರೇ. 1918ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು; ಅವರಲ್ಲಿ ಒಬ್ಬ ಬಂದರಿನ ಕೆಲಸದವ. ಆ ಇನ್‌ಫ್ಲುಯೆಂಜಾ ಮುಂಬಯಿಯಿಂದ ದೇಶದ ಒಳಗೆ ಹೋಗಿ ಕೋಟಿಗೂ ಮೀರಿ ಜೀವ ತೆಗೆಯಿತು. ಸತ್ತವರ ಲೆಕ್ಕ ಇಟ್ಟರು, ಬದುಕಿದವರ ಕೂದಲಿನ ಲೆಕ್ಕ ಯಾರಿಡುತ್ತಾರೆ? ಅಮೆರಿಕದ ಕತೆಗಾರ್ತಿ ಕ್ಯಾಥರಿನ್ ಆ್ಯನ್ ಪೋರ್ಟರ್ ಅದೇ ವರ್ಷ ಡೆನ್ವರಿನಲ್ಲಿ ಈ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಳು. ಅವಳ ಕಪ್ಪು ಕೂದಲೆಲ್ಲ ಹೋಯಿತು, ಮತ್ತೆ ಬಂದಾಗ ಬೆಳ್ಳಗೆ ಬಂತು. ಅಷ್ಟು ಪೂರ್ತಿ ಹೋಗುವುದು ಅಪರೂಪ. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಹೋಗುವುದಿಲ್ಲ, ಬೋಳಾಗುವುದಿಲ್ಲ, ಜಡೆ ಸಪೂರ ಆಗುತ್ತದೆ. ನಮ್ಮಲ್ಲಿ ಇದನ್ನು ಬಲ್ಲವರು ಟೈಫಾಯ್ಡ್ ಕಂಡ ಹಿರಿಯರು. 1948ರಲ್ಲಿ ಕ್ಲೋರಾಂಫೆನಿಕಾಲ್ ಬರುವ ಮುಂಚೆ ಆ ಜ್ವರ ಮೂರು ನಾಲ್ಕು ವಾರ ಸುಡುತ್ತಿತ್ತು. ಎದ್ದವನ ತಲೆ ನೋಡಿಯೇ "ಟೈಫಾಯ್ಡ್ ಆಗಿತ್ತಾ?" ಅಂತ ಕೇಳುತ್ತಿದ್ದರು.

ಈಗ ಈ ಮೂರು ತಿಂಗಳ ಲೆಕ್ಕವನ್ನು ಹಿಡಿದು ನಮ್ಮವರ ವಲಸೆಯನ್ನು ನೋಡಿ. ಹೋಟೆಲ್ ಕೆಲಸಕ್ಕೆಂದು ಬಂದ ಹುಡುಗ, ಮೊದಲ ಮಳೆಗಾಲದಲ್ಲೇ ಮಲೇರಿಯಾ ಹಿಡಿದು ಮಲಗುತ್ತಿದ್ದ, ಗುಣವಾಗಿ ದೀಪಾವಳಿ ಹೊತ್ತಿಗೆ ಕೂದಲು ಉದುರುತ್ತಿತ್ತು. ಮೇ ತಿಂಗಳಲ್ಲಿ ಮದುವೆಯಾಗಿ ಬಂದ ಹುಡುಗಿ, ಹೊಸ ಜಾಗ, ಊಟ ಸೇರದು, ಒಂದು ಜ್ವರ, ಹತ್ತು ಕಿಲೋ ಇಳಿದಳು, ಸೆಪ್ಟೆಂಬರಿನಲ್ಲಿ ಬಾಚಣಿಗೆ ತುಂಬ ಕೂದಲು. ಡಿಸೆಂಬರಿನಲ್ಲಿ ಊರಿಗೆ ಕಳಿಸಿದರು. ಫೆಬ್ರವರಿಯಲ್ಲಿ ಉದುರುವುದು ನಿಂತಿತು. ಊರಿನ ಬಾವಿ ನೀರಿಗೆ ಜಯವಾಯಿತು! ಮುಂಬಯಿಯಲ್ಲೇ ಇದ್ದು ಎರಡು ಹೊತ್ತು ಸರಿಯಾಗಿ ಊಟ ಮಾಡಿದ್ದರೂ ಫೆಬ್ರವರಿಗೆ ನಿಲ್ಲುತ್ತಿತ್ತು ಅಂತ ಹೇಳುವವರು ಯಾರೂ ಇರಲಿಲ್ಲ.

ಎಲ್ಲಕ್ಕಿಂತ ಮೋಸದ ಲೆಕ್ಕ ಬಾಣಂತನದ್ದು. ಬಸುರಿಯಿದ್ದಾಗ ಹಾರ್ಮೋನುಗಳ ದೆಸೆಯಿಂದ ಉದುರಬೇಕಾದ ಕೂದಲೂ ಉದುರದೆ ಉಳಿಯುತ್ತದೆ. ಜಡೆ ದಪ್ಪವಾಗುತ್ತದೆ. ತವರಿನಲ್ಲಿ ಹೆರಿಗೆ, ಎಣ್ಣೆ ನೀರು, ಅಮ್ಮನ ಕೈಯ ಆರೈಕೆ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಗಂಡ ಬಂದು ಮುಂಬಯಿಗೆ ಕರೆದುಕೊಂಡು ಹೋಗುತ್ತಾನೆ. ಉಳಿಸಿಟ್ಟ ಕೂದಲೆಲ್ಲ ಒಟ್ಟಿಗೆ ಬೀಳುವ ಹೊತ್ತು ಸರಿಯಾಗಿ ಅದೇ, ಹೆರಿಗೆಯಾಗಿ ಮೂರು ನಾಲ್ಕು ತಿಂಗಳು. ರೈಲು ಇಳಿದ ವಾರದಲ್ಲೇ ಉದುರಲು ಶುರುವಾದರೆ ನೀರನ್ನಲ್ಲದೆ ಇನ್ನು ಯಾರನ್ನು ದೂರಬೇಕು? ಮಾಟುಂಗಾದ ತಮಿಳು ಹೆಂಗಸರ ಮಾತೊಂದಿದೆ, ಮಗು ಮುಖ ನೋಡಿ ಗುರುತು ಹಿಡಿಯಲು ಶುರು ಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ. ಕಾರಣ ಅದಲ್ಲ, ಆದರೆ ತಾರೀಖು ನೋಡಿ ಎಷ್ಟು ಕರೆಕ್ಟು! ನಮ್ಮ ನೀರಿನ ಸಿದ್ಧಾಂತಕ್ಕಿಂತ ಈ ಮಾತು ನನಗೆ ಹೆಚ್ಚು ಮೆಚ್ಚುಗೆ. ಇದರಲ್ಲಿ ಯಾವ ಊರನ್ನೂ ಬೈದಿಲ್ಲ, ಸೊಸೆಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ.

ನೀರಿನ ವಾದಕ್ಕೆ ಕೊನೆಯ ಪೆಟ್ಟು ಕೊಟ್ಟದ್ದು ಕೊರೋನಾ. 2020ರ ಮೇ ತಿಂಗಳಲ್ಲಿ ಮುಂಬಯಿಯ ನಮ್ಮವರು ಸಾವಿರಗಟ್ಟಲೆ ಮಂದಿ ಉಡುಪಿ, ದಕ್ಷಿಣ ಕನ್ನಡಕ್ಕೆ ವಾಪಸು ಹೋದರು, ಶಾಲೆಗಳಲ್ಲಿ ಕ್ವಾರಂಟೈನ್ ಕೂತರು. ಹಾಗೆ ಹೋಗಿ ಊರಿನಲ್ಲೇ ಉಳಿದವರು ಇದ್ದರು, ಊರು ಬಿಟ್ಟು ಕದಲದವರೂ ಇದ್ದರು. ಅವರಿಗೂ ಇವರಿಗೂ ಜ್ವರ ಬಂದು ಹೋಗಿ ಒಂದೂವರೆ, ಎರಡು, ಮೂರು ತಿಂಗಳಿಗೆ ಕೂದಲು ಉದುರಿತು. 2021ರ ಎರಡನೇ ಅಲೆಯ ನಂತರ, ಆ ಆಟಿಯ ಹೊತ್ತಿಗೆ, ಊರಿನಿಂದಲೇ ನನಗೆ ಫೋನು ಬರಲು ಶುರುವಾಯಿತು. "ಇಲ್ಲಿಯೂ ಉದುರುತ್ತದೆ ಮಾರಾಯ್ರೇ, ನೀರು ಬದಲಾಗಲೇ ಇಲ್ಲವಲ್ಲ!" ಚೀನಾದ ವುಹಾನಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ 1733 ಮಂದಿಯನ್ನು ಆರು ತಿಂಗಳ ನಂತರ ವಿಚಾರಿಸಿದಾಗ ಶೇಕಡಾ 22 ಮಂದಿ ಕೂದಲು ಉದುರುವ ಮಾತು ಹೇಳಿದರು. ಅದು 2021ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಇನ್ನು, ಎಷ್ಟು ದಿವಸ ಎನ್ನುವ ಪ್ರಶ್ನೆ. ಉದುರುವುದು ಶುರುವಾದ ಮೇಲೆ ಮೂರರಿಂದ ಆರು ತಿಂಗಳು. ನಿಂತಿತು ಅಂದ ಮಾತ್ರಕ್ಕೆ ಜಡೆ ಮೊದಲಿನಂತೆ ಆಗುವುದಿಲ್ಲ, ಇಲ್ಲಿಯೇ ಜನ ಧೈರ್ಯ ಕಳೆದುಕೊಳ್ಳುವುದು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಭುಜದವರೆಗಿನ ಕೂದಲಿನವರಿಗೆ ವರ್ಷ, ಒಂದೂವರೆ ವರ್ಷದಲ್ಲಿ ತಲೆ ತುಂಬಿದಂತೆ ಕಾಣುತ್ತದೆ. ಸೊಂಟದವರೆಗೆ ಜಡೆ ಬಿಟ್ಟವರಿಗೆ ತುದಿಯವರೆಗೆ ಅದೇ ದಪ್ಪ ಬರಲು ಐದಾರು ವರ್ಷವೇ ಬೇಕು. ಬಾಣಂತಿಯರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುಮಟ್ಟಿಗೆ ಸರಿಹೋಗಿರುತ್ತದೆ.

ಇದರ ನಡುವೆ ಎಣ್ಣೆಯವರ ಭಾಗ್ಯ ತೆರೆಯುತ್ತದೆ. ಉದುರಲು ಶುರುವಾಗಿ ಎರಡು ತಿಂಗಳು ಕಾದು, ಮೂರನೇ ತಿಂಗಳಲ್ಲಿ ಒಂದು ಶೀಶೆ ತರಿಸುತ್ತಾರೆ. ಐದನೇ ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ. ಗರುಗದ ಸೊಪ್ಪಿನ ಎಣ್ಣೆಯಿಂದ ಹಿಡಿದು ಟಿವಿಯಲ್ಲಿ ಬರುವ ಸೀರಮ್‌ವರೆಗೆ ಎಲ್ಲವೂ ಹೀಗೇ ಗೆದ್ದಿವೆ. ಅಮ್ಮ ಕಾಯಿಸಿದ ಎಣ್ಣೆ ಹಚ್ಚಬೇಡಿ ಅಂತ ನಾನು ಹೇಳುವುದಿಲ್ಲ, ತಲೆಗೆ ತಂಪು. ಆದರೆ ಗುಣವಾಗಲು ಬೇಕಾದ್ದು ಮೂಲ ಕಾರಣ ಹೋಗುವುದು, ಹೊಟ್ಟೆಗೆ ಬೇಳೆ, ಮೊಟ್ಟೆ, ಮೀನು, ಸೊಪ್ಪು ಬೀಳುವುದು. ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ಎರಡನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು. ಪುಣೆ, ಹೈದರಾಬಾದುಗಳ ಪಿ.ಜಿ.ಗಳಲ್ಲಿ ಬೆಳಗಿನ ತಿಂಡಿ ಬಿಟ್ಟು ಕಾಫಿಯಲ್ಲಿ ದಿನ ದೂಡುವ ಮಕ್ಕಳಿಗೆ ಈ ಮಾತು ಮುಖ್ಯ. ಬಯೋಟಿನ್ ಮಾತ್ರೆ ನುಂಗುವವರು ಒಂದು ತಿಳಿದಿರಬೇಕು. ಅದು ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು ಎಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿದೆ. ಲ್ಯಾಬಿನವರಿಗೆ ಹೇಳಿಬಿಡಿ.

ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ ಅದು ಬೇರೆ ಅಧ್ಯಾಯ. ನಡುವಯಸ್ಸಿನ ಹೆಂಗಸರಲ್ಲಿ ವರ್ಷಗಟ್ಟಲೆ ಹೆಚ್ಚಿ ತಗ್ಗುತ್ತ ನಡೆಯುವ ಇಂಥ ಉದುರುವಿಕೆಯನ್ನು 1996ರಲ್ಲಿ ಡೇವಿಡ್ ವೈಟಿಂಗ್ ಎಂಬ ವೈದ್ಯರು ಬೇರೆಯಾಗಿ ವಿವರಿಸಿದರು. ಬೈತಲೆ ಅಗಲವಾಗುತ್ತಾ ಹೋಗುವುದು, ನಾಣ್ಯದಂತೆ ಗುಂಡಗೆ ಬೋಳಾಗುವುದು, ನೆತ್ತಿಯಲ್ಲಿ ಉರಿ, ಕಲೆ ಇವೆಲ್ಲ ಈ ಜಾತಿಯವಲ್ಲ. ಅದಕ್ಕೆ ಚರ್ಮದ ಡಾಕ್ಟರನ್ನೇ ನೋಡಬೇಕು, ಕಾಯುತ್ತ ಕೂರಬಾರದು.

ಗುಣದ ಮೊದಲ ಗುರುತು ಕಾಣುವುದು ಹಣೆಯಂಚಿನಲ್ಲಿ. ಎಣ್ಣೆ ಹಾಕಿ ಎಷ್ಟು ಒತ್ತಿ ಬಾಚಿದರೂ ಕೂರದೆ ನೆಟ್ಟಗೆ ನಿಲ್ಲುವ ಗಿಡ್ಡ ಕೂದಲು. ಹುಡುಗಿಯರು ಅದನ್ನು ತುಂಡಾದ ಕೂದಲು ಅಂತ ತಿಳಿದು ಕನ್ನಡಿ ಮುಂದೆ ಅಳುವುದುಂಟು. ತುದಿ ಮುಟ್ಟಿ ನೋಡಿ, ಚೂಪಾಗಿ ಸಪೂರವಾಗಿದ್ದರೆ ಅದು ಹೊಸದು. ಆರು ಸೆಂಟಿಮೀಟರ್ ಇದ್ದರೆ ಹುಟ್ಟಿ ಆರು ತಿಂಗಳಾಯಿತು, ಅದಕ್ಕೂ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಜ್ವರ ಬಂದ ವಾರ ಸಿಗುತ್ತದೆ.